ಹುಳಿಯೆದ್ದ ನೀರನ್ನು ತಣಿಸುವ ಬಗೆ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯದ ವಿಷಯ ಎನ್ನುವುದು ವಾಡಿಕೆ. ಈ ವರ್ಷ ವಿಜ್ಞಾನದ ಒಂದು ವಿಷಯ ಇರಲಿ ಎಂದು ನೀವು ಅಪೇಕ್ಷಿಸಿದಿರಿ. ನೀರಿನ ರಸಾಯನವನ್ನು ಓದಿ, ಕಲಿಸಿ ಬದುಕು ಕಳೆದವನಿಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ. ನಾನು ಆರಿಸಿಕೊಂಡಿರುವುದು ಗಣಿಗಳಿಂದ ಹರಿದು ಬರುವ ಆಮ್ಲದ ನೀರನ್ನು. ಅದನ್ನು ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ, ಕಲ್ಲು, ಕೆಸರು, ಜೊಂಡು ಮತ್ತು ಕಣ್ಣಿಗೆ ಕಾಣದ ಜೀವಿಗಳ ಬಲದಿಂದ ತಿಳಿಗೊಳಿಸುವ ಕ್ರಮಗಳನ್ನು ಇವತ್ತು ವಿವರಿಸಬೇಕೆಂದಿದ್ದೇನೆ.

ಕೊಚ್ಚಿಯ ಈ ಕನ್ನಡ ಸಭೆಯಲ್ಲಿ ನಿಂತು ಗಣಿಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಗಣಿಯ ನೀರನ್ನು ಹುಳಿ ಮಾಡುವ ರಸಾಯನಕ್ರಿಯೆಯೇ ಇಲ್ಲಿಂದ ಐವತ್ತು ಅರವತ್ತು ಕಿಲೋಮೀಟರ್ ದಕ್ಷಿಣಕ್ಕೆ, ಕುಟ್ಟನಾಡಿನ ಭತ್ತದ ಗದ್ದೆಗಳಲ್ಲಿ ವರ್ಷ ವರ್ಷವೂ ನಡೆಯುತ್ತದೆ. ಅಲ್ಲಿಯ ರೈತರು ಇದನ್ನು ‘ಪುಳಿ’ ಎನ್ನುತ್ತಾರೆ. ನಮ್ಮ ಹಳಗನ್ನಡದಲ್ಲೂ ಅದು ಪುಳಿಯೇ. ಪಕಾರ ಹಕಾರವಾಗಿ ನಮ್ಮ ಬಾಯಲ್ಲಿ ಹುಳಿಯಾಯಿತು, ಅವರ ಬಾಯಲ್ಲಿ ಹಾಗೆಯೇ ಉಳಿಯಿತು. ಮೊದಲು ಈ ಹುಳಿ ಹುಟ್ಟುವ ಬಗೆಯನ್ನು ಹೇಳುತ್ತೇನೆ. ಆಮೇಲೆ ಗಣಿಗಾರಿಕೆಯ ದೇಶಗಳು ಕಂಡುಕೊಂಡ ಉಪಾಯಗಳು. ಮೂರನೆಯದಾಗಿ, ಸ್ವಲ್ಪ ಹೆಚ್ಚು ಹೊತ್ತು, ಕುಟ್ಟನಾಡು ಮತ್ತು ಪೊಕ್ಕಾಳಿ ಗದ್ದೆಗಳ ಮಾತು. ಕೊನೆಗೆ, ಈ ಉಪಾಯಗಳು ಎಲ್ಲಿ ಸೋಲುತ್ತವೆ ಎಂಬುದು.

ಹುಟ್ಟಿನ ಕತೆಯಿಂದ ತೊಡಗೋಣ. ಕಬ್ಬಿಣ ಮತ್ತು ಗಂಧಕ ಸೇರಿ ಆದ ಒಂದು ಖನಿಜವಿದೆ, ಪೈರೈಟ್. ಹಿತ್ತಾಳೆಯ ಹೊಳಪು, ಚಿನ್ನವೆಂದು ಮೋಸಹೋಗುವಷ್ಟು ಚೆಲುವು. ನಮ್ಮ ಹಳ್ಳಿಗಳಲ್ಲಿ ಮಿನುಗುವ ಅಭ್ರಕವನ್ನು ಕಾಗೆಬಂಗಾರ ಎನ್ನುತ್ತಾರೆ. ಪೈರೈಟಿಗೂ ಆ ಹೆಸರು ಒಪ್ಪುತ್ತದೆ. ಕಲ್ಲಿದ್ದಲಿನ ಪದರಗಳಲ್ಲಿ, ತಾಮ್ರ, ಸೀಸ, ಸತುವಿನ ಅದಿರುಗಳಲ್ಲಿ ಅದು ಜೊತೆಗೇ ಇರುತ್ತದೆ. ನೆಲದಾಳದಲ್ಲಿ ಗಾಳಿ ಸೋಕದೆ ಕೋಟ್ಯಂತರ ವರ್ಷ ಸುಮ್ಮನಿರುತ್ತದೆ. ಗಣಿ ತೋಡಿದಾಗ ಗಾಳಿಯೂ ನೀರೂ ಅದನ್ನು ತಲುಪುತ್ತವೆ. ಆಗ ಗಂಧಕ ಗಂಧಕಾಮ್ಲವಾಗುತ್ತದೆ, ಕಬ್ಬಿಣ ನೀರಿನಲ್ಲಿ ಕರಗುತ್ತದೆ. ಒಂದು ಕಿಲೋ ಪೈರೈಟ್ ಪೂರ್ತಿಯಾಗಿ ಉತ್ಕರ್ಷಣಗೊಂಡರೆ ಒಂದೂವರೆ ಕಿಲೋಗಿಂತ ಹೆಚ್ಚು ಗಂಧಕಾಮ್ಲ ಹುಟ್ಟುತ್ತದೆ. ಅದನ್ನು ತಣಿಸಲು ಸುಮಾರು 1.7 ಕಿಲೋ ಸುಣ್ಣದಕಲ್ಲು ಬೇಕು. ಈ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ. ತಿಪ್ಪೆಯಂತೆ ಗುಡ್ಡೆ ಹಾಕಿದ ಗಣಿತ್ಯಾಜ್ಯದಲ್ಲಿ ಲಕ್ಷಾಂತರ ಟನ್ ಕಲ್ಲಿರುತ್ತದೆ.

ಇಲ್ಲಿ ನಮ್ಮ ಒಂದು ಪದದ ಬಗ್ಗೆ ಹೇಳಲೇಬೇಕು. ಆಕ್ಸಿಜನ್ನಿಗೆ ನಾವು ಆಮ್ಲಜನಕ ಎನ್ನುತ್ತೇವೆ, ಆಮ್ಲವನ್ನು ಹುಟ್ಟಿಸುವುದು ಎಂದು. ಆ ಹೆಸರಿನ ಹಿಂದೆ ಫ್ರಾನ್ಸಿನ ಲವಾಸಿಯೇಯ ಒಂದು ತಪ್ಪು ಊಹೆಯಿದೆ: ಎಲ್ಲ ಆಮ್ಲಗಳಿಗೂ ಇದೇ ಮೂಲ ಎಂದು ಅವನು ತಿಳಿದಿದ್ದ. ಪೈರೈಟಿನ ಮಟ್ಟಿಗೆ ಮಾತ್ರ ನಮ್ಮ ಪದ ಅಕ್ಷರಶಃ ನಿಜ.

ಗಾಳಿಯೊಂದೇ ಆದರೆ ಕೆಲಸ ನಿಧಾನ. 1947ರಲ್ಲಿ ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ ಎಂಬ ಸಂಶೋಧಕರು ಕಲ್ಲಿದ್ದಲು ಗಣಿಯ ಹುಳಿ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಕೈವಾಡವಿದೆ ಎಂದು ತೋರಿಸಿದರು. ಕರಗಿದ ಕಬ್ಬಿಣವನ್ನೇ ಉಂಡು ಬದುಕುವ ಜೀವಿ ಅದು. ಹುಳಿ ಹೆಚ್ಚಿದಷ್ಟೂ ಅದಕ್ಕೆ ಹಬ್ಬ. ಅದು ಬದಲಿಸಿದ ಕಬ್ಬಿಣವೇ ಮತ್ತೆ ಪೈರೈಟಿನ ಮೇಲೆ ಬಿದ್ದು ಇನ್ನಷ್ಟು ಆಮ್ಲವನ್ನು ಹೊರಡಿಸುತ್ತದೆ. 1970ರಲ್ಲಿ ಸಿಂಗರ್ ಮತ್ತು ಸ್ಟುಮ್ ಲೆಕ್ಕಹಾಕಿ, ಈ ಜೀವಿಗಳು ಕಬ್ಬಿಣದ ಉತ್ಕರ್ಷಣೆಯನ್ನು ಹತ್ತು ಲಕ್ಷ ಪಟ್ಟಿನವರೆಗೂ ಚುರುಕುಗೊಳಿಸಬಲ್ಲವು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎ. ನಟರಾಜನ್ ಅವರು ಇಂಥ ಜೀವಿಗಳನ್ನೇ ಅದಿರಿನಿಂದ ಲೋಹ ಬಿಡಿಸುವ ಕೆಲಸಕ್ಕೆ ಹಚ್ಚುವ ಸಂಶೋಧನೆಯನ್ನು ದಶಕಗಳ ಕಾಲ ನಡೆಸಿದರು. ಕಾರ್ಖಾನೆಯ ತೊಟ್ಟಿಯೊಳಗೆ ಉಪಕಾರಿಯಾಗುವ ಜೀವಿಯೇ ಕಾವಲಿಲ್ಲದ ಗುಡ್ಡೆಯಲ್ಲಿ ಹೊಳೆಯನ್ನು ಕೊಲ್ಲುತ್ತದೆ.

ಹೀಗೆ ಹೊರಬಂದ ನೀರಿನ ಪಿಎಚ್ ಮೂರಕ್ಕೆ, ಕೆಲವೆಡೆ ಅದಕ್ಕೂ ಕೆಳಗೆ ಇಳಿಯುತ್ತದೆ. ಪಿಎಚ್ ಅಳತೆಯಲ್ಲಿ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. ಏಳರ ನೀರಿಗಿಂತ ಮೂರರ ನೀರು ಹತ್ತು ಸಾವಿರ ಪಟ್ಟು ಹುಳಿ. ಆ ಹುಳಿಯಲ್ಲಿ ಅಲ್ಯೂಮಿನಿಯಂ, ಸತು, ಕ್ಯಾಡ್ಮಿಯಂ ಕರಗುತ್ತವೆ. ಮೀನಿನ ಕಿವಿರಿಗೆ ಅಲ್ಯೂಮಿನಿಯಂ ಅಂಟಿದರೆ ಉಸಿರು ಕಟ್ಟುತ್ತದೆ. ತಳದ ಕಲ್ಲುಗಳಿಗೆ ಕೇಸರಿ ಬಣ್ಣದ ತುಕ್ಕು ಮೆತ್ತಿಕೊಂಡು, ಅಲ್ಲಿ ಮೊಟ್ಟೆಯಿಡುವ ಹುಳು ಮೀನುಗಳಿಗೆ ನೆಲೆಯೇ ಇಲ್ಲವಾಗುತ್ತದೆ.

ಎಲ್ಲ ಗಣಿಯೂ ಹೀಗಲ್ಲ ಎಂಬುದನ್ನು ಕರ್ನಾಟಕದವರಾದ ನಾವು ಬಿಡಿಸಿ ತಿಳಿದಿರಬೇಕು. ಬಳ್ಳಾರಿ, ಸಂಡೂರಿನ ಹೆಮಟೈಟ್ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಅಲ್ಲಿಂದ ಮಳೆಗಾಲದಲ್ಲಿ ಇಳಿಯುವ ಕೆಂಪು ನೀರು ಮಣ್ಣಿನ ಸಮಸ್ಯೆಯೇ ಹೊರತು ಹುಳಿಯ ಸಮಸ್ಯೆಯಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳದ ತಾಮ್ರದ ಅದಿರು ಗಂಧಕ ಸೇರಿದ್ದು. ಅಂಥ ಅದಿರಿನ ಗುಡ್ಡೆಯನ್ನು ಮಾತ್ರ ಬೇರೆ ಕಣ್ಣಿನಿಂದ ನೋಡಬೇಕು. ಬಣ್ಣ ನೋಡಿ ಹುಳಿಯನ್ನು ಹೇಳಲಾಗದು. ತಿರುವನಂತಪುರದಿಂದ ಬಂದವರು ವರ್ಕಲದ ಕಡಲ ಕಡಿಬಂಡೆಯನ್ನು ಕಂಡಿದ್ದೀರಿ. ಆ ಪದರಗಳ ನಡುವಿನ ಕಪ್ಪು ಜೇಡಿಯಲ್ಲಿ, ಎಳೆಗಲ್ಲಿದ್ದಲಿನ ಜೊತೆಗೆ, ಮಾರ್ಕಸೈಟ್ ಎಂಬ ಖನಿಜದ ಗಂಟುಗಳಿವೆ. ಪೈರೈಟಿನದೇ ಘಟಕಗಳು, ಹರಳಿನ ಕಟ್ಟು ಮಾತ್ರ ಬೇರೆ. ಅಂಥ ಜೇಡಿಯನ್ನು ಅಗೆದು ಬಯಲಿಗೆ ಹಾಕಿದರೆ ಅಲ್ಲೂ ಹುಳಿ ಏಳುತ್ತದೆ.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ. ಹುಳಿ ನೀರಿಗೆ ಸುಣ್ಣ ಬೆರೆಸಿ ತಣಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಅದಕ್ಕೆ ಕಾರ್ಖಾನೆ ಬೇಕು, ಸುಣ್ಣದ ಲಾರಿ ದಿನವೂ ಬರಬೇಕು, ಕಲಕುವ ಮೋಟಾರಿಗೆ ವಿದ್ಯುತ್ತು ಬೇಕು. ಗಣಿ ಲಾಭದಲ್ಲಿರುವವರೆಗೆ ಇದು ನಡೆದೀತು. ಕಂಪನಿ ಬಾಗಿಲು ಹಾಕಿ ಹೋದ ಮೇಲೂ ನೀರು ಹುಳಿಯಾಗಿಯೇ ಹರಿಯುತ್ತಿರುತ್ತದೆ. ಸ್ಪೇನಿನ ರಿಯೋ ಟಿಂಟೋ ಸೀಮೆಯಲ್ಲಿ ಸಾವಿರಾರು ವರ್ಷಗಳಿಂದ ಗಣಿಗಾರಿಕೆ ನಡೆದಿದೆ. ಅದೇ ಹೆಸರಿನ ನದಿ ಇಂದಿಗೂ ಕೆಂಪಗೆ, ಹುಳಿಯಾಗಿ ಹರಿಯುತ್ತದೆ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಓಹಾಯೋದಲ್ಲಿ, ಆಮೇಲೆ ವೆಸ್ಟ್ ವರ್ಜೀನಿಯಾದ ಟಬ್ ರನ್ ಎಂಬ ಜೌಗಿನಲ್ಲಿ ಒಂದು ಸಂಗತಿ ಕಂಡುಬಂತು. ಕಲ್ಲಿದ್ದಲು ಗಣಿಯ ಹುಳಿ ನೀರು ಹಾವಸೆಯ ಜೌಗಿಗೆ ಹೊಕ್ಕು ಆಚೆ ಬರುವಾಗ ಅದರ ಕಬ್ಬಿಣ ಇಳಿದಿತ್ತು, ಹುಳಿ ತಗ್ಗಿತ್ತು. ಆ ಜೌಗನ್ನು ಯಾರೂ ಅದಕ್ಕಾಗಿ ಕಟ್ಟಿರಲಿಲ್ಲ. ಇದನ್ನು ನೋಡಿ ಎಂಜಿನಿಯರುಗಳು ತಾವೇ ಜೌಗು ಕಟ್ಟಲು ತೊಡಗಿದರು. ಇಲ್ಲಿಂದ ಹುಟ್ಟಿದ ಶಾಸ್ತ್ರವನ್ನು ಕನ್ನಡದಲ್ಲಿ ‘ನಿಷ್ಕ್ರಿಯ ಸಂಸ್ಕರಣೆ’ ಎಂದು ಬರೆಯುವುದುಂಟು. ನನಗೆ ಈ ಪದ ಒಪ್ಪಿಗೆಯಿಲ್ಲ. ಅಲ್ಲಿ ಯಾವುದೂ ಕ್ರಿಯೆ ಬಿಟ್ಟು ಕೂತಿಲ್ಲ. ಮೋಟಾರು ಮಾಡುವ ಕೆಲಸವನ್ನು ನೆಲದ ಇಳಿಜಾರು, ಕಲ್ಲು ಮತ್ತು ಜೀವಿಗಳು ಮಾಡುತ್ತಿವೆ. ‘ಸಹಜ ಸಂಸ್ಕರಣೆ’ ಎಂದೇ ನಾನು ಇನ್ನು ಮುಂದೆ ಹೇಳುತ್ತೇನೆ.

ಇದರಲ್ಲಿ ಅತ್ಯಂತ ಸರಳವಾದುದು ಜೊಂಡು ಬೆಳೆದ ಆಳವಿಲ್ಲದ ಕೊಳ. ನೀರು ಈಗಾಗಲೇ ಹೆಚ್ಚು ಹುಳಿಯಿಲ್ಲದೆ, ಕಬ್ಬಿಣ ಮಾತ್ರ ಹೆಚ್ಚಿದ್ದರೆ ಇಷ್ಟು ಸಾಕು. ನೀರು ತೆಳ್ಳಗೆ ಹರಡಿ ಗಾಳಿ ಕುಡಿಯುತ್ತದೆ, ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ಒಂದು ಚದರ ಮೀಟರ್ ಕೊಳ ದಿನಕ್ಕೆ 10ರಿಂದ 20 ಗ್ರಾಂ ಕಬ್ಬಿಣವನ್ನು ಕೂರಿಸುತ್ತದೆ ಎಂಬ ಅಂದಾಜನ್ನು 1994ರಲ್ಲಿ ಅಮೆರಿಕದ ಗಣಿ ಇಲಾಖೆಯ ಹೆಡಿನ್ ಮತ್ತು ಸಂಗಡಿಗರು ಕೊಟ್ಟರು. ಸೆಕೆಂಡಿಗೆ ಒಂದೇ ಲೀಟರ್ ಹರಿಯುವ ಸಣ್ಣ ಒರತೆ, ಲೀಟರಿಗೆ 100 ಮಿಲಿಗ್ರಾಂ ಕಬ್ಬಿಣ ಎಂದಿಟ್ಟುಕೊಳ್ಳಿ. ದಿನಕ್ಕೆ ಎಂಟೂವರೆ ಕಿಲೋಗಿಂತ ಹೆಚ್ಚು ಕಬ್ಬಿಣ ಬರುತ್ತದೆ. ಚದರ ಮೀಟರಿಗೆ 10 ಗ್ರಾಂ ಎಂದು ಹಿಡಿದರೆ ಅದಕ್ಕೆ ಎಂಟೂವರೆ ಗುಂಟೆಯಷ್ಟು ಕೊಳ ಬೇಕು. ಸಹಜ ಸಂಸ್ಕರಣೆ ಹಣವನ್ನು ಕಡಿಮೆ ಕೇಳುತ್ತದೆ, ನೆಲವನ್ನು ಧಾರಾಳವಾಗಿ ಕೇಳುತ್ತದೆ.

ನೀರು ಹುಳಿಯಾಗಿದ್ದರೆ ಸುಣ್ಣದಕಲ್ಲಿನ ನೆರವು ಬೇಕು. ಇಲ್ಲೊಂದು ತೊಡಕಿದೆ. ಗಾಳಿ ಸೋಕಿದ ಹುಳಿ ನೀರಿನಲ್ಲಿ ಸುಣ್ಣದಕಲ್ಲನ್ನಿಟ್ಟರೆ ಅದರ ಮೈಗೆ ತುಕ್ಕಿನ ಕವಚ ಕಟ್ಟಿಕೊಂಡು ಕಲ್ಲು ಕರಗುವುದು ತೀರ ನಿಧಾನವಾಗುತ್ತದೆ. 1990ರ ಸುಮಾರಿಗೆ ಟರ್ನರ್ ಮತ್ತು ಮೆಕಾಯ್ ಇದಕ್ಕೆ ಒಂದು ಜಾಣ್ಮೆಯ ದಾರಿ ಹುಡುಕಿದರು: ನೀರು ಗಣಿಯಿಂದ ಹೊರಬಿದ್ದು ಗಾಳಿ ಕಾಣುವ ಮೊದಲೇ ಅದನ್ನು ಮಣ್ಣು ಮುಚ್ಚಿದ ಸುಣ್ಣದಕಲ್ಲಿನ ಕಾಲುವೆಯೊಳಗೆ ಹಾಯಿಸುವುದು. ಗಾಳಿಯಿಲ್ಲದಲ್ಲಿ ತುಕ್ಕಿಲ್ಲ, ತುಕ್ಕಿಲ್ಲದಲ್ಲಿ ಕವಚವಿಲ್ಲ. ಸುಮಾರು 15 ಗಂಟೆ ಕಲ್ಲಿನ ನಡುವೆ ತಂಗಿದರೆ ನೀರು ತನಗೆ ಬೇಕಾದ ಕ್ಷಾರವನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿ ಮೊದಲೇ ಆಮ್ಲಜನಕವೋ ಅಲ್ಯೂಮಿನಿಯಮ್ಮೋ ಇದ್ದರೆ ಮಾತ್ರ ಈ ಕಾಲುವೆ ಕಟ್ಟಿಕೊಳ್ಳುತ್ತದೆ.

ಹಾಗಿದ್ದಾಗ ಕೆಪ್ನರ್ ಮತ್ತು ಮೆಕಾಯ್ 1994ರಲ್ಲಿ ವಿವರಿಸಿದ ಪದರದ ಕೊಳ ಉಪಯೋಗಕ್ಕೆ ಬರುತ್ತದೆ. ಮೇಲೆ ನೀರು, ಅದರ ಕೆಳಗೆ ಗೊಬ್ಬರದ ಪದರ, ಅದರ ಕೆಳಗೆ ಸುಣ್ಣದಕಲ್ಲು, ತಳದಲ್ಲಿ ಕೊಳವೆ. ನೀರು ಮೇಲಿನಿಂದ ಕೆಳಕ್ಕೆ ಜಿನುಗುವಾಗ ಕೊಳೆಯುತ್ತಿರುವ ಗೊಬ್ಬರ ಅದರ ಆಮ್ಲಜನಕವನ್ನೆಲ್ಲ ಹೀರುತ್ತದೆ. ಆ ಕತ್ತಲಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಾ ಎಚ್ಚರಗೊಂಡು ನೀರಿನ ಸಲ್ಫೇಟನ್ನು ಮತ್ತೆ ಸಲ್ಫೈಡಿಗೆ ತಿರುಗಿಸುತ್ತದೆ, ಜೊತೆಗೆ ಹುಳಿಯನ್ನೂ ನುಂಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದೇ ತಿಳಿಯಬೇಕು. ಕರಗಿದ ಲೋಹ ಗಂಧಕದೊಡನೆ ಕೂಡಿ ಕಪ್ಪು ಕೆಸರಾಗಿ ತಳ ಸೇರುತ್ತದೆ. ನೆಲದಾಳದಿಂದ ಎದ್ದುಬಂದದ್ದು ಬಂದ ದಾರಿಯಲ್ಲೇ ಹಿಂದಿರುಗಿತು. ಇಡೀ ಶಾಸ್ತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಇಲ್ಲಿಂದ ಕುಟ್ಟನಾಡಿಗೆ ಹೆಜ್ಜೆ ಇಡುವುದು ಸುಲಭ, ಏಕೆಂದರೆ ಆ ಕಪ್ಪು ಕೆಸರಿನ ಮೇಲೆಯೇ ಅಲ್ಲಿಯ ಜನ ಭತ್ತ ಬೆಳೆಯುತ್ತಾರೆ. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ನದಿಗಳು ವೇಂಬನಾಡು ಕಾಯಲನ್ನು, ಅಂದರೆ ಹಿನ್ನೀರನ್ನು, ಸೇರುವ ಈ ಸೀಮೆ ಬಹುಪಾಲು ಕಡಲ ಮಟ್ಟಕ್ಕಿಂತ ಕೆಳಗಿದೆ. ಈ ಬೇಸಾಯ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಇಲ್ಲಿನ ಒಂದು ಬಗೆಯ ನೆಲಕ್ಕೆ ‘ಕರಿ’ ಎಂದು ಹೆಸರು. ಈ ಪದಕ್ಕೆ ನಮಗೆ ಅನುವಾದ ಬೇಡ. ಪುರಕ್ಕಾಡು, ತಗಳಿ, ವೈಕಂ ಕಡೆಯ ಈ ನೆಲ ಇದ್ದಲಿನಷ್ಟು ಕಪ್ಪು. ಅಗೆದರೆ ಹಿಂದೆ ಮುಳುಗಿಹೋದ ಕಾಡಿನ ಮರಗಳ ಕಪ್ಪುಗಟ್ಟಿದ ದಿಮ್ಮಿಗಳು ಸಿಗುತ್ತವೆ. ಕಡಲು ಸಲ್ಫೇಟನ್ನು ತಂದಿತು, ಮಲೆನಾಡಿನ ಮುರಕಲ್ಲಿನಿಂದ ನದಿಗಳು ಕಬ್ಬಿಣವನ್ನು ತಂದವು, ಮುಳುಗಿದ ಕಾಡು ಕೊಳೆಯಿತು. ಪದರದ ಕೊಳದಲ್ಲಿ ಎಂಜಿನಿಯರು ಕೂಡಿಸುವ ಸಾಮಗ್ರಿಗಳೆಲ್ಲ ಇಲ್ಲಿ ತಾವಾಗಿಯೇ ಕೂಡಿದವು, ಪೈರೈಟ್ ಹುಟ್ಟಿತು.

ನೀರಿನಡಿ ಇರುವವರೆಗೆ ಅದು ನಿದ್ರಿಸುತ್ತದೆ. ಬೇಸಿಗೆಯಲ್ಲಿ ಗದ್ದೆ ಒಣಗಿ ಬಿರುಕು ಬಿಟ್ಟರೆ ಗಾಳಿ ಒಳಹೊಕ್ಕು ಪುಳಿ ಏಳುತ್ತದೆ. ಬಿರುಕಿನ ಅಂಚಿನಲ್ಲಿ ಒಣಹುಲ್ಲಿನ ಬಣ್ಣದ ಹಳದಿ ಮಚ್ಚೆ ಕಾಣಿಸಿಕೊಳ್ಳುತ್ತದೆ. ಅದು ಜರೋಸೈಟ್ ಎಂಬ ಖನಿಜ, ಆಮ್ಲದ ಕುರುಹು. ಮೊದಲ ಮಳೆಗೆ ನೀರಿನ ಮೇಲೆ ತುಕ್ಕಿನ ಬಣ್ಣದ ಕೆನೆ ಕಟ್ಟುತ್ತದೆ, ಪಿಎಚ್ ಮೂರರ ಆಸುಪಾಸಿಗೆ ಇಳಿಯುವುದುಂಟು. ಆ ಕೆನೆಯನ್ನು ಗದ್ದೆಯ ಬದುವಿನ ಮೇಲೆ ನಿಂತು ಮೊದಲ ಸಲ ನೋಡಿದಾಗ, ಪುಸ್ತಕದಲ್ಲಿ ಕಂಡಿದ್ದ ಗಣಿಹಳ್ಳಗಳ ಚಿತ್ರಗಳೇ ಕಣ್ಣೆದುರು ಬಂದವು.

ರೈತರು ಇದಕ್ಕೆ ಮಾಡುವುದೇನು? ಮೊದಲನೆಯದಾಗಿ, ನೆಲ ಪೂರ್ತಿ ಒಣಗದಂತೆ ನೋಡಿಕೊಳ್ಳುತ್ತಾರೆ. ಉತ್ತ ಮೇಲೆ ನೀರು ತುಂಬಿ, ನಿಲ್ಲಿಸಿ, ಹೊರಗೆ ಹಾಕಿ, ಮತ್ತೆ ತುಂಬಿ, ಹುಳಿಯನ್ನು ತೊಳೆಯುತ್ತಾರೆ. ಆಮೇಲೆ ಸುಣ್ಣ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 600 ಕಿಲೋ: ಮೊದಲ ಉಳುಮೆಯಲ್ಲಿ 350, ಬಿತ್ತನೆಯಾಗಿ ತಿಂಗಳ ಮೇಲೆ 250. ಈ ಸೀಮೆಯ ಸುಣ್ಣ ಎಷ್ಟೋ ಕಾಲದಿಂದ ವೇಂಬನಾಡಿನ ತಳದಿಂದ ಎತ್ತಿದ, ಕಕ್ಕ ಎಂಬ ಚಿಪ್ಪುಜೀವಿಯ ಚಿಪ್ಪನ್ನು ಸುಟ್ಟು ಮಾಡಿದ್ದು. ನಮ್ಮ ಕರಾವಳಿಯಲ್ಲೂ ಚಿಪ್ಪಿನ ಸುಣ್ಣ ಸುಡುತ್ತಿದ್ದರು. ಕಾಯಲಿನ ಹುಳಿಗೆ ಕಾಯಲಿನದೇ ಮದ್ದು. ಇವೆಲ್ಲವನ್ನೂ ಒಬ್ಬ ರೈತ ಒಂಟಿಯಾಗಿ ಮಾಡಲಾರ. ಒಂದು ಬಂಡಿನೊಳಗಿನ ಗದ್ದೆಗಳೆಲ್ಲ ಸೇರಿ ಒಂದು ಪಾಡಶೇಖರಂ. ನೀರು ಹಾಕುವುದೂ ತೆಗೆಯುವುದೂ ಎಲ್ಲರಿಗೂ ಒಂದೇ ದಿನ, ಒಂದೇ ‘ಪೆಟ್ಟಿಯುಂ ಪರಯುಂ’ ಪಂಪಿನಿಂದ. ಗಣಿ ಎಂಜಿನಿಯರುಗಳ ಪುಸ್ತಕದಲ್ಲಿ ಈ ಅಧ್ಯಾಯವಿಲ್ಲ, ಇರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಕೊಚ್ಚಿಯ ಸುತ್ತ, ಕಡಮಕ್ಕುಡಿ, ಏಳಿಕ್ಕರ, ಚೆಲ್ಲಾನಂ ಕಡೆಯ ಪೊಕ್ಕಾಳಿ ಗದ್ದೆಗಳ ದಾರಿ ಇನ್ನೂ ಸೊಗಸು. ಅಲ್ಲಿ ಹುಳಿಯ ಜೊತೆ ಉಪ್ಪೂ ಇದೆ. ಬೇಸಿಗೆಯ ಕೊನೆಗೆ ಗದ್ದೆಯ ಮಣ್ಣನ್ನು ಗುಪ್ಪೆಗಳಾಗಿ ಎತ್ತುತ್ತಾರೆ; ಮುಂಗಾರಿನ ಮಳೆ ಗುಪ್ಪೆಯ ಉಪ್ಪನ್ನೂ ಹುಳಿಯನ್ನೂ ತೊಳೆದು ಇಳಿಸುತ್ತದೆ. ಗುಪ್ಪೆಯ ಮೇಲೆ ಮೊಳಕೆ ಬೀಜ ಬಿತ್ತಿ, ಸಸಿ ಬೆಳೆದ ಮೇಲೆ ಗುಪ್ಪೆ ಒಡೆದು ಹರಡುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ನವೆಂಬರಿನಿಂದ ಏಪ್ರಿಲ್‌ವರೆಗೆ ತೂಬು ತೆರೆದು ಭರತವನ್ನು ಒಳಗೆ ಬಿಟ್ಟು ಸೀಗಡಿ ಸಾಕುತ್ತಾರೆ. ಕೊಳೆಯುವ ಹುಲ್ಲು ಸೀಗಡಿಗೆ ಮೇವು, ತಳದ ಬ್ಯಾಕ್ಟೀರಿಯಾಕ್ಕೂ ಮೇವು. ಒಳಬರುವ ಕಡಲ ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್ ಹುಳಿಯನ್ನು ತಣಿಸುತ್ತದೆ. ಕುಮಟಾದ ಅಘನಾಶಿನಿ ದಡದ ನಮ್ಮ ಗಜನಿ ಗದ್ದೆಗಳಲ್ಲಿ, ಕಗ್ಗದ ಭತ್ತ ಮತ್ತು ಸೀಗಡಿಯ ಸರದಿಯಲ್ಲಿ, ಕಣ್ಣೂರು ಕಾಸರಗೋಡಿನ ಕೈಪಾಡಿನಲ್ಲಿ ಕಾಣುವುದೂ ಇದೇ ಕ್ರಮದ ದಾಯಾದಿಗಳನ್ನು.

ಆಸ್ಟ್ರೇಲಿಯಾದ ಕೇರ್ನ್ಸ್ ಬಳಿ ಈಸ್ಟ್ ಟ್ರಿನಿಟಿ ಎಂಬಲ್ಲಿ 1970ರ ದಶಕದಲ್ಲಿ ಕಬ್ಬು ಬೆಳೆಯಲೆಂದು ಕಾಂಡ್ಲಾ ಜೌಗನ್ನು ಬಂಡು ಹಾಕಿ ಒಣಗಿಸಿದರು. ಇಂಥದೇ ಮಣ್ಣು, ಹುಳಿ ಎದ್ದಿತು, ಮೀನು ಸತ್ತವು. 2000ನೇ ಇಸವಿಯಲ್ಲಿ ಆ ನೆಲವನ್ನು ಕೊಂಡ ಕ್ವೀನ್ಸ್‌ಲ್ಯಾಂಡ್ ಸರ್ಕಾರ, ಅಲ್ಲಿಯ ವಿಜ್ಞಾನಿಗಳ ಸಲಹೆಯಂತೆ, ಸ್ವಲ್ಪ ಸುಣ್ಣ ಬೆರೆಸಿ ಕಡಲ ಭರತವನ್ನು ದಿನವೂ ಒಳಗೆ ಬಿಟ್ಟಿತು. ನೆಲ ಚೇತರಿಸಿಕೊಂಡಿತು. ಜಗತ್ತು ಇದನ್ನು ಮಾದರಿಯೆಂದು ಓದುತ್ತದೆ. ಕಡಮಕ್ಕುಡಿಯ ರೈತನಿಗೆ ಅದರಲ್ಲಿ ಹೊಸತೇನೂ ಕಾಣಲಾರದು.

ಭರತವನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಪಾಠವಿದೆ. 1970ರ ದಶಕದ ನಡುವಿನಲ್ಲಿ ವೇಂಬನಾಡಿಗೆ ಅಡ್ಡಲಾಗಿ ಕೆಲಸಕ್ಕೆ ಬಂದ ತಣ್ಣೀರ್‌ಮುಕ್ಕಂ ಬಂಡು, ಬೇಸಿಗೆ ಬೆಳೆಗೆ ಉಪ್ಪು ನೀರು ತಾಗದಂತೆ ಕಾಯುತ್ತದೆ. ಅದರಿಂದ ಅನ್ನ ಹೆಚ್ಚಿದ್ದು ನಿಜ. ಬಂಡನ್ನೇ ತೆಗೆಯಿರಿ ಎನ್ನುವವರ ಜೊತೆ ನಾನಿಲ್ಲ. ಆದರೆ ಬಂಡಿನ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ದಕ್ಷಿಣದ ನೀರು ನಿಂತು, ಹುಳಿಯನ್ನು ತೊಳೆಯುವ ಬಲ ತಗ್ಗುತ್ತದೆ, ಅಂತರಗಂಗೆ ಹಬ್ಬುತ್ತದೆ. ಬಾಗಿಲನ್ನು ಯಾವಾಗ, ಎಷ್ಟು ದಿನ ಮುಚ್ಚಬೇಕೆಂಬ ತೀರ್ಮಾನದಲ್ಲಿ ಉಪ್ಪಿನ ಅಳತೆಯ ಜೊತೆ ಪಿಎಚ್ ಅಳತೆಗೂ ಸಮನಾದ ಸ್ಥಾನ ಸಿಗಬೇಕು.

ಈಗ ಮಿತಿಗಳ ಮಾತು, ಚುಟುಕಾಗಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ವೀಲ್ ಜೇನ್ ತವರದ ಗಣಿ 1991ರಲ್ಲಿ ಮುಚ್ಚಿತು. ಪಂಪು ನಿಂತು ನೀರು ಏರಿ, 1992ರ ಜನವರಿಯಲ್ಲಿ ಸುಮಾರು ಐದು ಕೋಟಿ ಲೀಟರ್ ಹುಳಿ ನೀರು ಒಡೆದು ಫಾಲ್ ಅಳಿವೆಗೆ ನುಗ್ಗಿತು. ಅಲ್ಲಿ ಸಹಜ ಸಂಸ್ಕರಣೆಯ ಪ್ರಯೋಗಗಳನ್ನು ಶ್ರದ್ಧೆಯಿಂದ ನಡೆಸಿ, ಕೊನೆಗೆ ಸುಣ್ಣದ ಕಾರ್ಖಾನೆಯನ್ನೇ ಕಟ್ಟಬೇಕಾಯಿತು. ನೀರು ಅಷ್ಟಿತ್ತು, ಲೋಹ ಅಷ್ಟಿತ್ತು, ನೆಲ ಇರಲಿಲ್ಲ. ತಿರುವನಂತಪುರದ ಕೊಚ್ಚುವೇಳಿಯಲ್ಲಿ 1946ರಲ್ಲಿ ಸ್ಥಾಪನೆಯಾದ ಟೈಟಾನಿಯಂ ಕಾರ್ಖಾನೆ ಇಲ್ಮನೈಟನ್ನು ಗಂಧಕಾಮ್ಲದಲ್ಲಿ ಕರಗಿಸಿ ಬಿಳಿ ಬಣ್ಣದ ಪುಡಿ ಮಾಡುತ್ತದೆ. ಉಳಿಯುವುದು ಆಮ್ಲ ಮತ್ತು ಕಬ್ಬಿಣದ ನೀರು. ದಶಕಗಳ ಕಾಲ ಅದು ಕಡಲು ಸೇರಿದ್ದನ್ನು ವೇಳಿಯ ಮೀನುಗಾರರು ಬಲ್ಲರು. ಅಂಥ ಗಟ್ಟಿ ಆಮ್ಲವನ್ನು ಜೊಂಡಿನ ಕೊಳಕ್ಕೆ ಒಪ್ಪಿಸುವುದು ತಪ್ಪು. ಅದಕ್ಕೆ ಕಾರ್ಖಾನೆಯ ಅಂಗಳದಲ್ಲೇ, ಕಾರ್ಖಾನೆಯ ಖರ್ಚಿನಲ್ಲೇ ಸಂಸ್ಕರಣೆ ಆಗಬೇಕು.

ಮೇಘಾಲಯದ ಜೈಂತಿಯಾ ಗುಡ್ಡಗಳನ್ನು ನೆನೆಯದೆ ಮುಗಿಸಲಾರೆ. ಅಲ್ಲಿಯ ಲುಖಾ ನದಿ ಚಳಿಗಾಲದಲ್ಲಿ ಗಾಢ ನೀಲಿಗೆ ತಿರುಗುತ್ತದೆ. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಲಿಬಿಲದಂಥ ಇಕ್ಕಟ್ಟು ಸುರಂಗಗಳ ಕಲ್ಲಿದ್ದಲು ಗಣಿಗಾರಿಕೆಯನ್ನು ನಿಷೇಧಿಸಿತು. ಬಿಟ್ಟುಹೋದ ಬಿಲಗಳಿಂದ ಹುಳಿ ಇನ್ನೂ ಒಸರುತ್ತಿದೆ. ಅದೇ ಗುಡ್ಡಗಳಲ್ಲಿ ಸುಣ್ಣದಕಲ್ಲು ಹೇರಳವಾಗಿದೆ, ಇಳಿಜಾರಿದೆ, ಮಳೆಯಿದೆ. ಇಳಿಜಾರಿನ ರಭಸಕ್ಕೆ ತುಕ್ಕು ಹೆಚ್ಚು ನಿಲ್ಲದ ತೆರೆದ ಸುಣ್ಣದಕಲ್ಲಿನ ಕಾಲುವೆಗಳಿಗೆ ಇದಕ್ಕಿಂತ ತಕ್ಕ ನೆಲವನ್ನು ನಮ್ಮ ದೇಶದಲ್ಲಿ ಹುಡುಕುವುದು ಕಷ್ಟ. ಕಟ್ಟಿದ ಮೇಲೆ ಕಾಯುವವರು ಬೇಕು: ಕೆಸರು ತೆಗೆಯಬೇಕು, ಕೆಲವು ವರ್ಷಕ್ಕೊಮ್ಮೆ ಗೊಬ್ಬರ ಬದಲಿಸಬೇಕು, ಕೊಳವೆ ತೊಳೆಯಬೇಕು. ಕಾಯುವವರಿಲ್ಲದೆ ಹಾಳಾದ ಕೊಳಗಳನ್ನು ತೋರಿಸಿ ಈ ವಿಧಾನವೇ ಸರಿಯಿಲ್ಲ ಎನ್ನುವುದು ನ್ಯಾಯವಲ್ಲ. ಪಾಡಶೇಖರದಂಥ ಒಂದು ಕೂಟ ಆ ಹಳ್ಳಿಗಳಲ್ಲಿ ಮೊದಲು ಆಗಲಿ, ಕಾಲುವೆ ಆಮೇಲೆ.

ಸಭೆಯಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಪಿಎಚ್ ಕಾಗದದ ಸಣ್ಣ ಕಟ್ಟು ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ರಜೆಯಲ್ಲಿ ಊರಿಗೆ ಹೋಗುವಾಗ ಒಂದನ್ನು ಜೊತೆಗೆ ಇಟ್ಟುಕೊಳ್ಳಿ. ಊರ ಪಕ್ಕದ ಹಳೆಯ ಗಣಿಗುಂಡಿ, ಕ್ವಾರಿಯ ಹೊಂಡ, ಮೊದಲ ಮಳೆಗೆ ಕೆಂಪಾಗುವ ಹಳ್ಳ, ಇಲ್ಲೇ ಇರುವ ಪೊಕ್ಕಾಳಿ ಗದ್ದೆಯ ತೂಬು, ಎಲ್ಲಿ ನೀರು ಕಂಡರೂ ಕಾಗದ ಅದ್ದಿ ನೋಡಿ, ದಿನಾಂಕ ಹಾಕಿ ಬರೆದಿಡಿ. ಅಂಕಿ ನಾಲ್ಕಕ್ಕಿಂತ ಕೆಳಗೆ ಬಂದರೆ ಆ ಪಂಚಾಯತಿಗೆ ಒಂದು ಕಾಗದ ಬರೆಯಿರಿ, ನನಗೂ ಒಂದು ಬರೆಯಿರಿ.